ಚಕ್ರಕ್ಕೆ ಮೆತ್ತುವ ಕಪ್ಪು ದೂಳು: ಬ್ರೇಕ್ ಪ್ಯಾಡ್ ಬದಲಿಸುವ ಮುನ್ನ ತಿಳಿದಿರಬೇಕಾದದ್ದು

ಭಾನುವಾರ ಕಾರು ತೊಳೆಯುವ ಮೊದಲು ಒಂದು ಹಳೆ ಬನಿಯನ್ ಹರಿದು ನಾಲ್ಕು ತುಂಡು ಮಾಡಿ, ಒಂದೊಂದು ಚಕ್ರವನ್ನು ಒಂದೊಂದು ತುಂಡಿನಿಂದ ಒರೆಸಿ ನೋಡಿ. ನಮ್ಮ ಕಾರಿನಲ್ಲಿ ಹಿಂದಿನ ಎರಡು ಬಟ್ಟೆಗಳು ಮಾಸಲು ಕಂದಾಗುತ್ತಿದ್ದವು, ರಸ್ತೆಯ ಮಣ್ಣಿನ ಬಣ್ಣ. ಮುಂದಿನ ಎರಡು ಮಾತ್ರ ಕಾಡಿಗೆ ಬಳಿದಂತೆ ಕಪ್ಪು. ಬೆಳ್ಳಿ ಬಣ್ಣದ ಅಲಾಯ್ ಚಕ್ರವನ್ನು ಎಷ್ಟು ಉಜ್ಜಿ ತೊಳೆದರೂ ಹತ್ತೇ ದಿನಕ್ಕೆ ಮತ್ತೆ ಅದೇ ಪಾಡು. ಆ ಕಪ್ಪು ಟೈರಿನ ರಬ್ಬರೆಂದು ಬಹಳ ಜನ ತಿಳಿದಿದ್ದಾರೆ. ಒಂದು ಅಯಸ್ಕಾಂತಕ್ಕೆ ತೆಳು ಕಾಗದ ಸುತ್ತಿ ಒಣಗಿದ ದೂಳಿನ ಮೇಲೆ ಆಡಿಸಿದರೆ ಸಂಶಯ ಕಳೆಯುತ್ತದೆ. ಕಾಗದದ ಮೇಲೆ ಕಪ್ಪು ನವಿರು ಮೀಸೆಯಂತೆ ಎದ್ದು ನಿಲ್ಲುತ್ತದೆ. ಅದು ಕಬ್ಬಿಣ. ಬ್ರೇಕ್ ಒತ್ತಿದಾಗಲೆಲ್ಲ ಚಕ್ರದೊಂದಿಗೆ ತಿರುಗುವ ಕಬ್ಬಿಣದ ಡಿಸ್ಕ್ ಮತ್ತು ಅದನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವ ಪ್ಯಾಡ್ ಎರಡೂ ಸವೆದು ಉದುರಿದ ಪುಡಿ.

ಮುಂದಿನ ಚಕ್ರಗಳಲ್ಲೇ ಹೆಚ್ಚು ಏಕೆಂದರೆ ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಸಾಮಾನ್ಯ ಕಾರಿನಲ್ಲಿ ನಿಲ್ಲಿಸುವ ಕೆಲಸದ ಮುಕ್ಕಾಲು ಪಾಲಿನ ಹತ್ತಿರ ಮುಂದಿನ ಬ್ರೇಕುಗಳದ್ದೇ. ಹಿಂದೆ ಡ್ರಮ್ ಬ್ರೇಕ್ ಇದ್ದರಂತೂ ಅಲ್ಲಿನ ಪುಡಿ ಬಹುಪಾಲು ಡ್ರಮ್ಮಿನ ಒಳಗೇ ಉಳಿಯುತ್ತದೆ, ಚಕ್ರಕ್ಕೆ ಬರುವುದಿಲ್ಲ.

ಈ ದೂಳು ಯಾವುದರ ಬೆಲೆ ಎಂದು ತಿಳಿಯಲು ಒಂದು ಲೆಕ್ಕ ಹಾಕೋಣ. ಜನರನ್ನೂ ಸೇರಿಸಿ 1500 ಕಿಲೋ ತೂಗುವ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಅದರ ಚಲನೆಯಲ್ಲಿ ಸುಮಾರು 3.7 ಲಕ್ಷ ಜೂಲ್ ಶಕ್ತಿ ಇರುತ್ತದೆ. ನಿಲ್ಲಿಸುವುದೆಂದರೆ ಅಷ್ಟನ್ನೂ ಶಾಖವಾಗಿ ಮಾರ್ಪಡಿಸುವುದು. ಒಂದು ಲೀಟರಿಗೂ ಮಿಕ್ಕ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವ ಶಾಖ, ಅದೂ ನಾಲ್ಕೈದು ಸೆಕೆಂಡಿನಲ್ಲಿ, ಅಂಗೈ ಅಗಲದ ಕೆಲವು ಪ್ಯಾಡುಗಳ ಮೇಲೆ. ಇಷ್ಟು ಕೆಲಸ ಮಾಡುವ ವಸ್ತು ಸವೆಯದೇ ಇರಲು ಸಾಧ್ಯವಿಲ್ಲ. ಹಾಗಾಗಿ ದೂಳೇ ಬಾರದ ಪ್ಯಾಡ್ ಎಂಬುದಿಲ್ಲ. ಎಷ್ಟು ದೂಳು, ಯಾವ ಬಣ್ಣದ್ದು, ಚಕ್ರಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬುದರಲ್ಲಷ್ಟೇ ವ್ಯತ್ಯಾಸ.

ಪ್ಯಾಡ್ ಡಿಸ್ಕನ್ನು ಹಿಡಿಯುವುದು ಎರಡು ಬಗೆಯಲ್ಲಿ. ಮೊದಲನೆಯದು ಚಾಕುವಿಗೆ ಸಾಣೆ ಹಿಡಿದಂತೆ. ಪ್ಯಾಡಿನೊಳಗಿನ ಗಟ್ಟಿ ಕಣಗಳು ಡಿಸ್ಕಿನ ಮೇಲ್ಮೈಯನ್ನು ಕೆರೆಯುತ್ತವೆ, ಆ ಕೆರೆತವೇ ಹಿಡಿತ. ಸಾಣೆ ಚಕ್ರದಿಂದ ಕಬ್ಬಿಣದ ಕಿಡಿ ಹಾರುವಂತೆ ಇಲ್ಲಿ ಡಿಸ್ಕಿನ ಕಬ್ಬಿಣ ಹಾರುತ್ತದೆ. ಎರಡನೆಯದು ಕಪ್ಪುಹಲಗೆಗೆ ಸೀಮೆಸುಣ್ಣ ತಿಕ್ಕಿದಂತೆ. ಪ್ಯಾಡಿನ ವಸ್ತುವೇ ತೆಳ್ಳಗೆ ಒಂದು ಪದರವಾಗಿ ಡಿಸ್ಕಿನ ಮೇಲೆ ಕೂರುತ್ತದೆ. ಆಮೇಲೆ ಪ್ಯಾಡು ತಿಕ್ಕುವುದು ಬರಿ ಕಬ್ಬಿಣವನ್ನಲ್ಲ, ತನ್ನದೇ ಪದರವನ್ನು. ಎರಡು ಮೇಲ್ಮೈಗಳ ನಡುವೆ ಕ್ಷಣಕ್ಷಣಕ್ಕೂ ಕೂಡುವ, ಹರಿಯುವ ಬಂಧಗಳಿಂದ ಹಿಡಿತ ಹುಟ್ಟುತ್ತದೆ. ಎಲ್ಲ ಪ್ಯಾಡಿನಲ್ಲೂ ಎರಡೂ ನಡೆಯುತ್ತವೆ, ಪಾಲು ಮಾತ್ರ ಬೇರೆ. ಸಾಣೆಯ ಪಾಲು ಹೆಚ್ಚಿದ್ದರೆ ಕಪ್ಪು ದೂಳೂ ಹೆಚ್ಚು, ಡಿಸ್ಕೂ ಬೇಗ ಸವೆಯುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಭೇದದ ಮೇಲೆಯೇ ನಿಂತಿದೆ.

ಯುರೋಪಿನ ಕಾರುಗಳು ಸಾಣೆಯ ಕಡೆಗೆ ವಾಲಿದವು. ಅಲ್ಲಿನ ಕಂಪನಿಗಳು ಕಾರ್ಖಾನೆಯಲ್ಲೇ ಕೂರಿಸುವುದು ಹೆಚ್ಚಾಗಿ ಲೋ-ಮೆಟಾಲಿಕ್ ಎಂಬ ಜಾತಿಯ ಪ್ಯಾಡ್. ಉಕ್ಕಿನ ಎಳೆ ಮುಂತಾದ ಲೋಹಗಳು ಅದರಲ್ಲಿ ಒಂದಿಷ್ಟು ಪಾಲು, ಜೊತೆಗೆ ಕೆರೆಯುವ ಗಟ್ಟಿ ಕಣಗಳು, ಎಲ್ಲವನ್ನೂ ಹಿಡಿದಿಡುವ ರಾಳ. ಜರ್ಮನಿಯ ಆಟೋಬಾನ್ ಹೆದ್ದಾರಿಗಳ ಹಲವು ಭಾಗಗಳಲ್ಲಿ ವೇಗಕ್ಕೆ ಮಿತಿಯಿಲ್ಲ. ಗಂಟೆಗೆ 200 ಕಿ.ಮೀ. ವೇಗದಿಂದ ಒಮ್ಮೆಲೇ ಇಳಿಸಬೇಕಾದ ಸಂದರ್ಭವನ್ನು ಮನಸ್ಸಿನಲ್ಲಿಟ್ಟು ಮಾಡಿದ ಪ್ಯಾಡ್ ಅದು. ತಣ್ಣಗಿದ್ದಾಗಲೂ ಕಾಲಿಟ್ಟ ಕೂಡಲೇ ಕಚ್ಚುತ್ತದೆ, ಕಾದರೂ ಕೈಬಿಡುವುದಿಲ್ಲ. ಅದೇ ಕಾರು ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹತ್ತಡಿ ಹೋಗಿ ನಿಂತು, ಮತ್ತೆ ಹತ್ತಡಿ ಹೋಗಿ ನಿಲ್ಲುವಾಗಲೂ ಪ್ಯಾಡಿನ ಗುಣ ಬದಲಾಗುವುದಿಲ್ಲ. ಕೆರೆಯುವುದನ್ನು ಕೆರೆಯುತ್ತಲೇ ಇರುತ್ತದೆ.

ಜಪಾನ್ ಮತ್ತು ಅಮೆರಿಕದ ರೂಢಿ ಬೇರೆ. ಅಲ್ಲಿ ಸದ್ದಿಲ್ಲದ, ಚಕ್ರ ಕೊಳೆ ಮಾಡದ ಪ್ಯಾಡಿಗೆ ಬೆಲೆ. ಎನ್‌ಎಒ ಎಂದು ಕರೆಯುವ, ಕಲ್ನಾರಿಲ್ಲದ ಸಾವಯವ ಪ್ಯಾಡ್ ಅವರ ಆಯ್ಕೆ. ಒಂದು ಕಾಲದಲ್ಲಿ ಬ್ರೇಕ್ ಲೈನಿಂಗಿನ ಮುಖ್ಯ ವಸ್ತುವೇ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಅದರ ಎಳೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ತಿಳಿದ ಮೇಲೆ ಬದಲಿಗೆ ಬಂದ ಮಿಶ್ರಣವಾದ್ದರಿಂದ ಹೆಸರಿನಲ್ಲೇ ಆ 'ಇಲ್ಲ' ಉಳಿದುಕೊಂಡಿದೆ. ಸೆರಾಮಿಕ್ ಪ್ಯಾಡ್ ಎಂದು ಅಂಗಡಿಯಲ್ಲಿ ಕೇಳುವುದು ಇದೇ ವಂಶದ್ದು. ಉಕ್ಕಿನ ಎಳೆಯ ಬದಲು ಸೆರಾಮಿಕ್ ಎಳೆಗಳು, ಟೈಟನೇಟಿನಂಥ ಖನಿಜಗಳು ಇದರಲ್ಲಿರುತ್ತವೆ. ಸೀಮೆಸುಣ್ಣದ ಬಗೆಯ ಹಿಡಿತವೇ ಹೆಚ್ಚು. ದೂಳು ತಿಳಿ ಬೂದಿ ಬಣ್ಣದ್ದು, ಕಬ್ಬಿಣ ಕಡಿಮೆಯಿರುವುದರಿಂದ ಚಕ್ರಕ್ಕೆ ಕಚ್ಚಿಕೊಳ್ಳುವುದೂ ಕಡಿಮೆ. ಇನ್ನೊಂದು ಜಾತಿ ಸೆಮಿ-ಮೆಟಾಲಿಕ್. ಲೋಹದ ಪಾಲು ಅರ್ಧದ ಆಸುಪಾಸು. ಬಿಸಿ ತಾಳುತ್ತದೆ, ಸದ್ದೂ ಮಾಡುತ್ತದೆ. ದಿನನಿತ್ಯದ ಕಾರಿನಲ್ಲಿ ಕಡಿಮೆ ದೂಳು ಬೇಕೆನ್ನುವವರು ಅದರ ಗೊಡವೆಗೆ ಹೋಗಬೇಕಿಲ್ಲ.

ಇಲ್ಲಿ ಎರಡು ಗೊಂದಲ ಬಿಡಿಸಬೇಕು. ಕೋಟಿಗಟ್ಟಲೆ ಬೆಲೆಯ ಸ್ಪೋರ್ಟ್ಸ್ ಕಾರುಗಳ ಕಾರ್ಬನ್-ಸೆರಾಮಿಕ್ ಬ್ರೇಕಿಗೂ ಈ ಸೆರಾಮಿಕ್ ಪ್ಯಾಡಿಗೂ ಸಂಬಂಧವಿಲ್ಲ. ಅಲ್ಲಿ ಡಿಸ್ಕೇ ಬೇರೆ ವಸ್ತುವಿನದು. ನಮ್ಮದು ಮಾಮೂಲಿ ಎರಕದ ಕಬ್ಬಿಣದ ಡಿಸ್ಕ್, ಬದಲಾಗುವುದು ಪ್ಯಾಡ್ ಮಾತ್ರ. ಎರಡನೆಯದು, ಪೆಟ್ಟಿಗೆಯ ಮೇಲೆ ಸೆರಾಮಿಕ್ ಎಂದು ಬರೆದ ಮಾತ್ರಕ್ಕೆ ಒಳಗಿನ ಮಿಶ್ರಣ ಇಂಥದ್ದೇ ಎಂದಾಗುವುದಿಲ್ಲ. ಪ್ರತಿ ಕಂಪನಿಯ ಪಾಕವೂ ಅದರದೇ ಗುಟ್ಟು. ಆ ಹೆಸರಿನಡಿ ಒಳ್ಳೆಯದೂ ಇದೆ, ಕಳಪೆಯೂ ಇದೆ.

ಹೀಗಾಗಿ ಮೊದಲ ಪ್ರಶ್ನೆ, ನಿಮಗೆ ಇದು ಬೇಕೇ ಎಂಬುದೇ. ನಮ್ಮ ರಸ್ತೆಗಳಲ್ಲಿ ಓಡುವ ಜಪಾನ್, ಕೊರಿಯಾ ಮೂಲದ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಸಾವಯವ ಪ್ಯಾಡೇ ಇರುತ್ತದೆ. ಅವುಗಳ ಚಕ್ರ ತಿಂಗಳಾದರೂ ಅಷ್ಟೇನೂ ಕಪ್ಪಾಗದು. ಅಂಥ ಕಾರಿಗೆ ದುಬಾರಿ ಸೆರಾಮಿಕ್ ಹಾಕಿಸಿ ದೊಡ್ಡ ಲಾಭವಿಲ್ಲ, ಕಂಪನಿಯ ಪ್ಯಾಡನ್ನೇ ಹಾಕಿಸಿ. ಯುರೋಪಿನ ಕಾರು ಇಟ್ಟುಕೊಂಡವರಿಗೇ ಈ ಮಾತು ಹೆಚ್ಚು ಸಲ್ಲುವುದು.

ಎರಡನೆಯ ಪ್ರಶ್ನೆ, ಆ ದೂಳು ನಿಜಕ್ಕೂ ಪ್ಯಾಡಿನ ಗುಣದಿಂದ ಬಂದದ್ದೋ, ಬ್ರೇಕಿನ ಕಾಯಿಲೆಯಿಂದ ಬಂದದ್ದೋ? ನನ್ನ ಕಾರಿನಲ್ಲಿ ಎಡಗಡೆಯ ಮುಂದಿನ ಚಕ್ರ ಬಲಗಡೆಯದಕ್ಕಿಂತ ಬೇಗ ಕಪ್ಪಾಗುತ್ತಿತ್ತು. ನಾನು ಅದಕ್ಕೆ ಗಮನ ಕೊಡದೆ ಸೆರಾಮಿಕ್ ಪ್ಯಾಡ್ ಕೇಳಿಕೊಂಡು ಗ್ಯಾರೇಜಿಗೆ ಹೋದೆ. ನಮ್ಮ ಮೆಕ್ಯಾನಿಕ್ ಎರಡೂ ಚಕ್ರದ ಮೇಲೆ ಒಂದೊಂದು ಬೆರಳು ಎಳೆದು ನೋಡಿ, "ಸಾರ್, ಮೊದ್ಲು ಪಿನ್ ನೋಡಣ, ಪ್ಯಾಡ್ ವಿಷ್ಯ ಆಮೇಲೆ ಮಾತಾಡಣ" ಅಂದರು. ಚಕ್ರ ಬಿಚ್ಚಿ, ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರ್ ಎತ್ತಿದಾಗ ಒಳಗಿನ ಪ್ಯಾಡಿನಲ್ಲಿ ಉಳಿದಿದ್ದು 3 ಮಿ.ಮೀ., ಹೊರಗಿನದರಲ್ಲಿ 7 ಮಿ.ಮೀ. ಕ್ಯಾಲಿಪರ್ ಜಾರಬೇಕಾದ ಪಿನ್ನಿನ ಗ್ರೀಸ್ ಒಣಗಿ, ರಬ್ಬರ್ ಬೂಟಿನೊಳಗೆ ತುಕ್ಕು ಕೂತಿತ್ತು. ಬ್ರೇಕಿನಿಂದ ಕಾಲು ತೆಗೆದ ಮೇಲೂ ಒಳಗಿನ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಪಿನ್ ತೆಗೆದು, ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಿದ ಮೇಲೆ ಕೈಯಲ್ಲಿ ತಳ್ಳಿದರೆ ಕ್ಯಾಲಿಪರ್ ಬೆಣ್ಣೆಯಂತೆ ಜಾರಿತು. ಅದು ಹಾಗೇ ಇದ್ದು ಹೊಸ ಪ್ಯಾಡ್ ಹಾಕಿಸಿದ್ದರೆ ಅದೂ ಕೆಲವೇ ತಿಂಗಳಿಗೆ ಸವೆದು ಹೋಗುತ್ತಿತ್ತು. ಎಡ ಬಲ ಸಮನಾಗಿ ಕಪ್ಪಾಗಿದ್ದರೆ ಅದು ಪ್ಯಾಡಿನ ಗುಣ. ಒಂದೇ ಕಡೆ ಹೆಚ್ಚಿದ್ದರೆ ಹುಡುಕಬೇಕಾದ್ದು ಕ್ಯಾಲಿಪರಿನಲ್ಲಿ.

ಇನ್ನು ಕಡಿಮೆ ದೂಳಿಗಾಗಿ ಏನನ್ನು ಬಿಟ್ಟುಕೊಡುತ್ತೇವೆ ಎಂಬುದು. ಲೋ-ಮೆಟಾಲಿಕ್ಕಿಗೆ ಒಗ್ಗಿದ ಕಾಲಿಗೆ ಸೆರಾಮಿಕ್ ಪ್ಯಾಡ್ ಮೊದಲ ಕೆಲವು ದಿನ ಮೆತ್ತಗೆನಿಸುತ್ತದೆ. ಪೆಡಲ್ ಮುಟ್ಟಿದ ಕೂಡಲೇ ಸಿಗುತ್ತಿದ್ದ ಕಚ್ಚು ಸಿಗದೆ, ಇನ್ನೂ ತುಸು ಒತ್ತಬೇಕಾಗುತ್ತದೆ. ನಿಲ್ಲುವುದಿಲ್ಲ ಎಂದಲ್ಲ. ಒಳ್ಳೆಯ ಪ್ಯಾಡಿನಲ್ಲಿ ಪೂರ್ತಿ ಒತ್ತಿದರೆ ಎಬಿಎಸ್ (ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು ಬಲ ಇದ್ದೇ ಇರುತ್ತದೆ. ಮನೆಯಲ್ಲಿ ಒಂದೇ ಕಾರನ್ನು ಇಬ್ಬರು ಮೂವರು ಓಡಿಸುವುದಾದರೆ ಎಲ್ಲರಿಗೂ ಈ ಬದಲಾವಣೆಯನ್ನು ಮೊದಲೇ ಹೇಳಿರಬೇಕು.

ನನಗೆ ಹೆಚ್ಚು ಯೋಚನೆ ಹತ್ತಿಸಿದ್ದು ಘಾಟಿ. ವರ್ಷಕ್ಕೆ ಎರಡು ಮೂರು ಸಲ ನಾವು ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಹೆಬ್ರಿಯ ಕಡೆ ಹೋಗುತ್ತೇವೆ. 14 ಹೇರ್‌ಪಿನ್ ತಿರುವುಗಳಲ್ಲಿ ಕಾರು ಸುಮಾರು 500 ಮೀಟರ್ ಕೆಳಗಿಳಿಯುತ್ತದೆ. ಅದೇ 1500 ಕಿಲೋ ಕಾರಿಗೆ ಇದು 73 ಲಕ್ಷ ಜೂಲ್, ಅಂದರೆ 80ರ ವೇಗದಿಂದ ಇಪ್ಪತ್ತು ಸಲ ಪೂರ್ತಿ ನಿಲ್ಲಿಸಿದಷ್ಟು ಶಾಖ, ನಡುವೆ ತಣಿಯಲು ಸಮಯವಿಲ್ಲದೆ. ಯಾವ ಪ್ಯಾಡಿಗೂ ಒಂದು ಮಿತಿಯಿದೆ. ಅದನ್ನು ಮೀರಿ ಕಾದರೆ ಒಳಗಿನ ರಾಳ ಸುಟ್ಟು ಅನಿಲ ಬಿಡುತ್ತದೆ, ಹಿಡಿತ ಸಡಿಲಾಗುತ್ತದೆ, ಗಾಡಿಯೊಳಗೂ ಸುಟ್ಟ ವಾಸನೆ ಬರುತ್ತದೆ. ಅಗ್ಗದ ಸಾವಯವ ಪ್ಯಾಡಿನಲ್ಲಿ ಈ ಮಿತಿ ಬೇಗ ಬರುತ್ತದೆ. ಒಳ್ಳೆಯ ಸೆರಾಮಿಕ್ಕಿನಲ್ಲಿ ರಸ್ತೆಯ ಬಳಕೆಗೆ ಬೇಕಾದಷ್ಟು ಅಂತರ ಇರುತ್ತದೆ. ಹಾಗಿದ್ದರೂ ಆ 73 ಲಕ್ಷ ಜೂಲನ್ನು ಬ್ರೇಕಿನ ಮೇಲೆಯೇ ಹೇರಬಾರದು. ಹತ್ತುವ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಬಸ್ ಡ್ರೈವರುಗಳು ಹೇಳುವ ಮಾತು ನೂರಕ್ಕೆ ನೂರು ಸರಿ. ಎರಡನೇ ಗೇರಿನಲ್ಲಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ, ತಿರುವಿಗೆ ಮುಂಚೆ ಮಾತ್ರ ಬ್ರೇಕ್ ಒತ್ತಿ ಬಿಟ್ಟರಾಯಿತು. ಆಟೋಮ್ಯಾಟಿಕ್ ಕಾರಿನಲ್ಲೂ ಗೇರನ್ನು ಕೈಯಾರೆ ಇಳಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ.

ನನ್ನ ಅಭಿಪ್ರಾಯ ಇದು: ಊರೊಳಗಿನ ಓಡಾಟ, ಹೆದ್ದಾರಿ, ಆಗೀಗ ಘಾಟಿ, ಇಷ್ಟಾದರೆ ಹೆಸರಾಂತ ಕಂಪನಿಯ ಕಡಿಮೆ ದೂಳಿನ ಪ್ಯಾಡ್ ಧಾರಾಳ ಸಾಕು. ಚಾರ್ಮಾಡಿ, ಶಿರಾಡಿಗಳಲ್ಲಿ ವಾರವಾರವೂ ತುಂಬಿದ ಗಾಡಿ ಇಳಿಸುವವರು, ಟ್ರ್ಯಾಕಿನಲ್ಲಿ ಓಡಿಸುವವರು ಕಂಪನಿಯ ಲೋ-ಮೆಟಾಲಿಕ್ಕನ್ನೇ ಇಟ್ಟುಕೊಂಡು ಚಕ್ರ ತೊಳೆಯುವುದು ಒಳ್ಳೆಯದು.

ಪೆಟ್ಟಿಗೆ ಕೈಗೆ ಬಂದಾಗ ಏನು ನೋಡಬೇಕು? ನಾನು ಮೊದಲು ಹುಡುಕುವುದು ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರ, ಪಕ್ಕದಲ್ಲೊಂದು ಅಂಕಿ, ಜೊತೆಗೆ '90ಆರ್' ಎಂಬ ಗುರುತು. ವಿಶ್ವಸಂಸ್ಥೆಯ ಯುರೋಪ್ ಆಯೋಗದ ಇಸಿಇ ಆರ್90 ಎಂಬ ನಿಯಮದ ಪ್ರಕಾರ ಪರೀಕ್ಷೆಯಾದ ಬದಲಿ ಪ್ಯಾಡ್ ಎಂದು ಅದರ ಅರ್ಥ. ಕಾರಿನ ಮೂಲ ಪ್ಯಾಡಿಗೆ ಹೋಲಿಸಿದರೆ ಇದರ ಬ್ರೇಕಿಂಗ್ ಹೆಚ್ಚೂಕಡಿಮೆ ಶೇ 15ರೊಳಗೆ ಇರಬೇಕೆಂದು ಆ ನಿಯಮ ಕಟ್ಟುಹಾಕುತ್ತದೆ. ಹೆಚ್ಚಾದರೂ ತಪ್ಪೇ, ಏಕೆಂದರೆ ಮುಂದಿನ ಮತ್ತು ಹಿಂದಿನ ಬ್ರೇಕಿನ ಹೊಂದಾಣಿಕೆ ಕೆಡುತ್ತದೆ. ಆ ಒಂದು ಗುರುತು ಪೆಟ್ಟಿಗೆಯ ಮೇಲಿನ ಹತ್ತು ಜಾಹೀರಾತು ಸಾಲುಗಳಿಗಿಂತ ಹೆಚ್ಚು ತೂಕದ್ದು.

ಪ್ಯಾಡಿನ ಅಂಚಿನಲ್ಲೋ ಬೆನ್ನಿನ ತಗಡಿನ ಮೇಲೋ ಎರಡು ಅಕ್ಷರಗಳೂ ಇರಬಹುದು: ಎಫ್ಎಫ್, ಜಿಜಿ, ಎಫ್ಇ ಹೀಗೆ. ಅಮೆರಿಕದ ಎಸ್‌ಎಇ ಎಂಬ ವಾಹನ ಎಂಜಿನಿಯರುಗಳ ಸಂಘದ ಪದ್ಧತಿ ಅದು. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಚೆನ್ನಾಗಿ ಕಾದಾಗಿನದು. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಕಾದಂತೆ ಹಿಡಿತ ಇಳಿಯುತ್ತದೆ ಎಂದರ್ಥ. ಒಂದಿಂಚು ಚೌಕದ ತುಂಡನ್ನು ಪ್ರಯೋಗಾಲಯದ ಯಂತ್ರದಲ್ಲಿ ತಿಕ್ಕಿ ಅಳೆದ ಅಂಕಿಯಾದ್ದರಿಂದ ಇದನ್ನೇ ವೇದವಾಕ್ಯವೆಂದು ಹಿಡಿಯಬೇಕಿಲ್ಲ. ದೂಳಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದರೂ ಘಾಟಿ ಇಳಿಯುವವರು ಎಫ್ಇಗಿಂತ ಎಫ್ಎಫ್ ಆರಿಸುವುದು ಸರಿ.

ಕೆಲವು ಪೆಟ್ಟಿಗೆಗಳ ಮೇಲೆ ಮೂರು ಎಲೆಯ ಚಿತ್ರ ಕಾಣಬಹುದು. ಅದು ತಾಮ್ರದ ವಿಷಯ. ಹಳೆಯ ಮಿಶ್ರಣಗಳಲ್ಲಿ ತಾಮ್ರ ಬಹಳ ಮುಖ್ಯ, ಶಾಖವನ್ನು ಬೇಗ ಹಂಚುತ್ತಿತ್ತು. ಆದರೆ ಬ್ರೇಕಿನಿಂದ ಉದುರಿದ ತಾಮ್ರ ಮಳೆನೀರಿನೊಂದಿಗೆ ಹೊಳೆ ಸೇರಿ ಸಾಲ್ಮನ್ ಮೀನುಗಳ ವಾಸನೆಯ ಶಕ್ತಿಯನ್ನೇ ಕೆಡಿಸುತ್ತದೆಂದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕಂಡುಬಂತು. ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲಿ ಕಾನೂನು ಮಾಡಿದವು. ಕ್ಯಾಲಿಫೋರ್ನಿಯಾದಲ್ಲಿ ತಾಮ್ರದ ಮಿತಿ 2021ಕ್ಕೆ ಶೇ 5, 2025ಕ್ಕೆ ಶೇ 0.5. ಮೂರೂ ಎಲೆ ತುಂಬಿದ್ದು 'ಎನ್' ಎಂದಿದ್ದರೆ ತಾಮ್ರ ಶೇ 0.5ಕ್ಕಿಂತ ಕಡಿಮೆ ಎಂದರ್ಥ. ನಮ್ಮಲ್ಲೂ ಮಳೆ ಬಂದರೆ ರಸ್ತೆಯ ದೂಳೆಲ್ಲ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಸಿಗುವುದಾದರೆ ಎನ್ ಗುರುತಿನದನ್ನೇ ಕೊಳ್ಳುವುದು ನನಗೆ ಮುಖ್ಯವೆನಿಸುತ್ತದೆ.

ಜಪಾನಿನ ಅಕೆಬೋನೊ, ಜರ್ಮನಿಯ ಎಟಿಇಯ ಸೆರಾಮಿಕ್ ಸಾಲು, ಇಂಗ್ಲೆಂಡಿನ ಇಬಿಸಿಯ ರೆಡ್‌ಸ್ಟಫ್, ಇವೆಲ್ಲ ಕಡಿಮೆ ದೂಳಿಗೆಂದೇ ಮಾಡಿದವು. ಎಲ್ಲ ಕಾರಿಗೂ ಎಲ್ಲವೂ ಸಿಗುವುದಿಲ್ಲ. ಕೊಳ್ಳುವಾಗ ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು. ಒಂದೇ ಮಾಡೆಲ್ಲಿನಲ್ಲಿ ಎಂಜಿನ್ ಬದಲಾದರೆ ಕ್ಯಾಲಿಪರೂ ಬದಲಾಗಿರಬಹುದು. ಚಾಸಿಸ್ ನಂಬರಿನಿಂದ ಪಾರ್ಟ್ ನಂಬರ್ ತೆಗೆಸಿ, ಸಾಧ್ಯವಾದರೆ ಹಳೆಯ ಪ್ಯಾಡನ್ನೇ ಒಯ್ದು ಪಕ್ಕದಲ್ಲಿಟ್ಟು ನೋಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳು ಸಾಲುಸಾಲಾಗಿವೆ. ಅಸಲಿ ಮಾಲು ಇಟ್ಟವರು ಬೇಕಾದಷ್ಟಿದ್ದಾರೆ. ಆದರೆ ಒಮ್ಮೆ ಒಂದು ಊರಿನಲ್ಲಿ ನನಗೆ ಅರ್ಧ ಬೆಲೆಗೆ ತೋರಿಸಿದ ಪ್ಯಾಡಿನ ಬೆನ್ನಿನ ತಗಡಿನ ಮೇಲೆ ಒಂದು ಅಕ್ಷರವೂ ಇರಲಿಲ್ಲ, ಬ್ಯಾಚ್ ನಂಬರೂ ಇಲ್ಲ, ಉಗುರಿನಿಂದ ಗೀರಿದರೆ ಪುಡಿ ಬರುತ್ತಿತ್ತು. ಪೆಟ್ಟಿಗೆ ಮಾತ್ರ ಥಳಥಳ. ಬ್ರೇಕಿನ ವಿಷಯದಲ್ಲಿ ಇಂಥದ್ದನ್ನು ಬಿಟ್ಟಿಯಾಗಿ ಕೊಟ್ಟರೂ ಬೇಡ.

ಹೊಸ ಜಾತಿಯ ಪ್ಯಾಡನ್ನು ಹಳೆಯ ಡಿಸ್ಕಿನ ಮೇಲೆ ಹಾಗೇ ಕೂರಿಸಿದರೆ ಅರ್ಧ ಫಲವೂ ಸಿಗದು. ಡಿಸ್ಕಿನ ಮೇಲೆ ಹಳೆಯ ಪ್ಯಾಡಿನ ಗೀರುಗಳು, ಅದರ ಪದರ ಇರುತ್ತವೆ. ಸೀಮೆಸುಣ್ಣ ಕೂರಬೇಕಾದರೆ ಹಲಗೆ ಒರೆಸಿರಬೇಕು. ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ನಮ್ಮದು ಹೊಸದರಲ್ಲಿ 22 ಮಿ.ಮೀ., ಕನಿಷ್ಠ 19. ಮೈಕ್ರೊಮೀಟರಿನಲ್ಲಿ ಅಳೆದು, ಇನ್ನೂ ಸಾಕಷ್ಟು ದಪ್ಪವಿದ್ದರೆ ಲೇತಿನಲ್ಲಿ ತೆಳ್ಳಗೆ ಸ್ಕಿಮ್ ಮಾಡಿಸಬಹುದು, ಅಂದರೆ ಮೇಲ್ಮೈಯನ್ನು ಕೆತ್ತಿಸಿ ಸಮ ಮಾಡಿಸಬಹುದು. ಮಿತಿಯ ಹತ್ತಿರ ಬಂದಿದ್ದರೆ ಡಿಸ್ಕನ್ನೂ ಬದಲಿಸುವುದೇ ಸರಿ. ಎಡಬಲ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಒಂದೇ ಕಡೆ ಬದಲಿಸಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಕೂರಿಸಿದ ಮೇಲಿನ ಮೊದಲ ಅರ್ಧ ಗಂಟೆಯನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಹೊಸ ದೋಸೆ ಕಾವಲಿಯನ್ನು ಪಳಗಿಸುವುದನ್ನು ನೆನೆಯಿರಿ. ಎಣ್ಣೆ ಸವರಿ, ಹದವಾಗಿ ಕಾಯಿಸಿ, ಮತ್ತೆ ಸವರಿ, ಪದರದ ಮೇಲೆ ಪದರ ಕೂತ ಮೇಲೇ ದೋಸೆ ಎದ್ದು ಬರುವುದು. ಡಿಸ್ಕಿನ ಮೇಲೂ ಪ್ಯಾಡಿನ ಪದರ ಹೀಗೆಯೇ ಸಮನಾಗಿ ಕೂರಬೇಕು. ಪೆಟ್ಟಿಗೆಯಲ್ಲಿ ಸೂಚನೆಯ ಚೀಟಿ ಇದ್ದರೆ ಅದರಂತೆಯೇ ಮಾಡಿ. ಇಲ್ಲದಿದ್ದರೆ ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 60ರ ವೇಗದಿಂದ 15-20ಕ್ಕೆ ಹದವಾಗಿ ಇಳಿಸುವುದು, ಮತ್ತೆ ವೇಗ ಏರಿಸಿ ಅರ್ಧ ನಿಮಿಷ ಗಾಳಿಗೆ ಬಿಟ್ಟು ಮತ್ತೆ ಇಳಿಸುವುದು, ಹೀಗೆ ಹತ್ತು ಸಲ. ಪೂರ್ತಿ ನಿಲ್ಲಿಸಬಾರದು. ಕಾದ ಪ್ಯಾಡು ನಿಂತ ಡಿಸ್ಕಿಗೆ ಒತ್ತಿಕೊಂಡರೆ ಆ ಜಾಗದಲ್ಲಿ ಪದರ ದಪ್ಪವಾಗಿ ಅಂಟಿ, ಮುಂದೆ ಪ್ರತಿ ಸಲವೂ ಸ್ಟಿಯರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡಾಗಿದೆ ಎಂದು ಹೊಸದು ಕೊಳ್ಳುವವರಲ್ಲಿ ಹಲವರ ನಿಜವಾದ ಸಮಸ್ಯೆ ಈ ಏರುಪೇರು ಪದರವೇ. ಹತ್ತು ಸಲ ಮುಗಿದ ಮೇಲೆ ಬ್ರೇಕ್ ಹೆಚ್ಚು ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಸಬೇಕು.

ದೂಳಿನ ಬಗ್ಗೆಯೇ ಇನ್ನೆರಡು ಮಾತು. ತಿಳಿ ಬಣ್ಣದ ದೂಳು ಕಾಣುವುದಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ. ಚಕ್ರಕ್ಕೆ ಅಂಟದೆ ಉಳಿದದ್ದು ಗಾಳಿಗೆ, ರಸ್ತೆಗೆ ಹೋಗಿರುತ್ತದೆ. ಯುರೋಪಿನ ಯೂರೋ 7 ನಿಯಮ ಮೊದಲ ಬಾರಿಗೆ ಬ್ರೇಕ್ ಕಣಗಳಿಗೂ ಮಿತಿ ಹಾಕಿದ್ದು ಇದಕ್ಕೇ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ. ವರ್ಷಕ್ಕೆ 15,000 ಕಿ.ಮೀ. ಓಡುವ ಕಾರು ಆ ಮಿತಿಯಲ್ಲೇ ಇದ್ದರೂ 105 ಗ್ರಾಂ ಸಣ್ಣ ಕಣ ಬಿಡುತ್ತದೆ. ಹಾಗಾಗಿ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದ ಕೂಡಲೇ ಹುಡುಗರು ಕಂಪ್ರೆಸರ್ ಪೈಪ್ ಹಿಡಿದು ದೂಳು ಊದುವುದನ್ನು ಕಂಡರೆ ದಯವಿಟ್ಟು ತಡೆಯಿರಿ. ಅದು ನೇರ ಅವರ ಮೂಗಿಗೇ ಹೋಗುತ್ತದೆ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಚಕ್ರದ ಬಣ್ಣದೊಳಗೆ ಈಗಾಗಲೇ ಕಚ್ಚಿಕೊಂಡ ಕಂದು ಚುಕ್ಕೆಗಳು ಪ್ಯಾಡ್ ಬದಲಿಸಿದ ಮಾತ್ರಕ್ಕೆ ಹೋಗವು. ಬಿಸಿ ಕಬ್ಬಿಣದ ಕಣ ವಾರ್ನಿಷಿನ ಪದರಕ್ಕೆ ಇಳಿದು ನೀರು ತಾಗಿ ತುಕ್ಕಾದದ್ದು ಅದು. ಹಚ್ಚಿದ ಸ್ವಲ್ಪ ಹೊತ್ತಿಗೆ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುವ ಐರನ್ ರಿಮೂವರ್ ಸಿಗುತ್ತದೆ. ಚಕ್ರ ತಣ್ಣಗಿರುವಾಗ, ನೆರಳಿನಲ್ಲಿ ಹಚ್ಚಿ, ಒಣಗುವ ಮೊದಲೇ ನೀರು ಹೊಡೆಯಬೇಕು. ಆಸಿಡ್ಡಿನ ಕ್ಲೀನರ್ ಅಲಾಯ್ ಚಕ್ರಕ್ಕೆ ಬೇಡ. ಚಕ್ರ ಮತ್ತು ಡಿಸ್ಕಿನ ನಡುವೆ ದೂಳು ತಡೆಯುವ ತಟ್ಟೆ ಹಾಕುವ ಉಪಾಯವನ್ನು ಯಾರಾದರೂ ಹೇಳಿದರೆ ಕಿವಿಗೊಡಬೇಡಿ, ಬ್ರೇಕಿಗೆ ಗಾಳಿಯೇ ತಲುಪದಂತಾಗುತ್ತದೆ.

ಪ್ಯಾಡ್ ಬದಲಿಸುವ ದಿನವೇ ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷವಾಗಿದೆಯೇ ಎಂದೂ ನೋಡಿಕೊಳ್ಳಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಖಾತರಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯಲ್ಲಿ ಪೆಡಲ್ ಸ್ಪಂಜಿನಂತೆ ಒಳಕ್ಕೆ ಹೋದರೆ ಪ್ಯಾಡನ್ನು ದೂರುವ ಮೊದಲು ಆಯಿಲ್ ಪರೀಕ್ಷಿಸಬೇಕು. ಹಿಂದಿನ ಪ್ಯಾಡನ್ನೂ ಬದಲಿಸುವುದಿದ್ದು, ಕಾರಿನಲ್ಲಿ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಅದನ್ನು ಸರ್ವೀಸ್ ಮೋಡಿಗೆ ಹಾಕದೆ, ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಒಳಕ್ಕೆ ಒತ್ತಲು ಬಿಡಬೇಡಿ, ಮೋಟಾರು ಹಾಳಾಗುತ್ತದೆ. ಕೆಲಸ ಮುಗಿಸಿ ಗಾಡಿ ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಬೇಕು, ಇಲ್ಲದಿದ್ದರೆ ಮೊದಲ ಸಲ ಬ್ರೇಕೇ ಸಿಗುವುದಿಲ್ಲ. 100 ಕಿ.ಮೀ. ಓಡಿಸಿದ ಮೇಲೆ ಚಕ್ರದ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಇನ್ನೊಮ್ಮೆ ನೋಡಿಸಿ.